ಬೋರ್ಡು ನೋಡಿ ಮಗುವನ್ನು ಸೇರಿಸಬೇಡಿ
ಮಾಂಟೆಸ್ಸರಿ ಹುಡುಕುತ್ತಿರುವ ಅಪ್ಪ-ಅಮ್ಮಂದಿರಿಗೊಂದು ಪತ್ರ

ಪ್ರಿಯ ಅಪ್ಪ-ಅಮ್ಮಂದಿರೇ,

ದಸರಾ ರಜೆ ಮುಗಿಯುವುದೇ ತಡ, ಬೆಂಗಳೂರಿನಲ್ಲಿ ಮುಂದಿನ ಜೂನ್‌ನ ಅಡ್ಮಿಷನ್ ಮಾತು ಶುರುವಾಗುತ್ತದೆ. ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ, ಪಾರ್ಕಿನ ಜಾರುಬಂಡೆಯ ಪಕ್ಕದಲ್ಲಿ, ಮಕ್ಕಳ ಡಾಕ್ಟರ ಕ್ಲಿನಿಕ್ಕಿನ ಬೆಂಚಿನ ಮೇಲೆ ಒಂದೇ ಪ್ರಶ್ನೆ: ‘ಇಲ್ಲಿ ಯಾವ ಮಾಂಟೆಸ್ಸರಿ ಚೆನ್ನಾಗಿದೆ?’ ಎರಡೂವರೆ ವರ್ಷದ ಕೂಸನ್ನು ಮೊದಲ ಸಲ ಮನೆಯಿಂದಾಚೆ ಬಿಡುವಾಗ ನಿಮಗಾಗುವ ಅಳುಕು ನನಗೆ ಗೊತ್ತು. ಬಹಳ ವರ್ಷ ಮಾಂಟೆಸ್ಸರಿ ಮನೆಯೊಂದರಲ್ಲಿ ಮಕ್ಕಳ ಪಾಲಿಗೆ ‘ಆಂಟಿ’ಯಾಗಿದ್ದವಳು ನಾನು. ಗೇಟಿನ ಆಚೆ ಕಣ್ಣೊರೆಸಿಕೊಳ್ಳುತ್ತಾ ನಿಂತ ಅಮ್ಮಂದಿರನ್ನೂ, ಆಫೀಸಿಗೆ ತಡವಾದರೂ ಕಾರು ಹತ್ತಲಾಗದ ಅಪ್ಪಂದಿರನ್ನೂ ಕಂಡಿದ್ದೇನೆ. ಅಷ್ಟು ವರ್ಷದ ಅನುಭವದ ಮೇಲೆ ನಿಮಗೆ ಒಂದು ಮಾತು ಹೇಳಬೇಕೆನಿಸಿದೆ. ಬೋರ್ಡು ನೋಡಿ ಸೇರಿಸಬೇಡಿ. ಮಕ್ಕಳು ಇರುವ ಹೊತ್ತಿನಲ್ಲಿ ಒಳಗೆ ಹೋಗಿ, ಒಂದು ಮೂಲೆಯಲ್ಲಿ ಸುಮ್ಮನೆ ಕೂತು ನೋಡಿ, ಆಮೇಲೆ ತೀರ್ಮಾನಿಸಿ.

‘ಮಾಂಟೆಸ್ಸರಿ’ ಎಂಬ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಒಂದು ಮನೆ ಬಾಡಿಗೆಗೆ ಹಿಡಿದು, ಕಾಂಪೌಂಡಿಗೆ ಛೋಟಾ ಭೀಮನ ಚಿತ್ರ ಬರೆಸಿ, ಆ ಹೆಸರಿನ ಬೋರ್ಡು ಹಾಕಿಕೊಳ್ಳಬಹುದು. ತಡೆಯುವ ಕಾನೂನಿಲ್ಲ. ಡಾ. ಮಾರಿಯಾ ಮಾಂಟೆಸ್ಸರಿ 1929ರಲ್ಲಿ ಮಗ ಮಾರಿಯೊ ಜೊತೆ ಸೇರಿ ಕಟ್ಟಿದ ಎಎಂಐ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಇದೆ. ನಮ್ಮ ಬೆಂಗಳೂರಿನಲ್ಲೇ ಇಂಡಿಯನ್ ಮಾಂಟೆಸ್ಸರಿ ಸೆಂಟರ್ ಇದೆ. ಇವು ಶಿಕ್ಷಕರನ್ನು ತಯಾರು ಮಾಡಬಲ್ಲವೇ ಹೊರತು ಯಾರದೇ ಬೋರ್ಡು ಇಳಿಸಲಾರವು. ಹೀಗಾಗಿ ಒಂದೇ ರಸ್ತೆಯಲ್ಲಿ ಎರಡು ಮಾಂಟೆಸ್ಸರಿ ಇರುತ್ತವೆ. ಒಂದರಲ್ಲಿ ಮಗು ತನ್ನ ಕೆಲಸವನ್ನು ತಾನೇ ಆರಿಸಿಕೊಂಡು ಮಾಡುತ್ತಿರುತ್ತದೆ. ಇನ್ನೊಂದರಲ್ಲಿ ಅಷ್ಟೂ ಮಕ್ಕಳು ಒಟ್ಟಿಗೆ ‘ಎ ಫಾರ್ ಆ್ಯಪಲ್’ ಕೂಗುತ್ತಿರುತ್ತಾರೆ. ಮಗು ಒಂದರ ಮೇಲೊಂದು ಪೇರಿಸುವ ಗುಲಾಬಿ ಗೋಪುರದ ಹತ್ತು ಘನಗಳು ಎರಡೂ ಕಡೆ ಇರುತ್ತವೆ. ಎರಡನೆಯ ಕಡೆ ಅವು ಬೀರುವಿನ ಗಾಜಿನ ಹಿಂದೆ ಇರುತ್ತವೆ, ಬಂದ ತಂದೆತಾಯಿಗೆ ತೋರಿಸಲು.

ಒಳಗೆ ಕೂತಾಗ ಏನು ಕಾಣಬೇಕು ಎಂದು ನೀವು ಕೇಳುತ್ತೀರಿ. ನಾನು ಮತ್ತೆ ಮತ್ತೆ ಕಂಡಿರುವುದನ್ನೇ ಹೇಳುತ್ತೇನೆ.

ಮೂರು ವರ್ಷದ ಹುಡುಗಿಯೊಬ್ಬಳು ಶೆಲ್ಫಿನಿಂದ ಸಿಲಿಂಡರ್ ಬ್ಲಾಕ್ ಎತ್ತಿಕೊಳ್ಳುತ್ತಾಳೆ. ಉದ್ದನೆಯ ಮರದ ತುಂಡು. ಅದರಲ್ಲಿ ಹತ್ತು ಕುಳಿ, ಪ್ರತಿ ಕುಳಿಗೂ ಅದರದೇ ಅಳತೆಯ, ಮೇಲೆ ಪುಟ್ಟ ಹಿಡಿಯಿರುವ ಸಿಲಿಂಡರ್. ಎರಡೂ ಕೈಯಲ್ಲಿ ಹಿಡಿದು, ದಾರಿಯಲ್ಲಿ ಯಾರ ಚಾಪೆಯನ್ನೂ ತುಳಿಯದೆ, ತನ್ನ ಮೇಜಿಗೆ ತರುತ್ತಾಳೆ. ಹತ್ತನ್ನೂ ಹೊರತೆಗೆದು ಬೆರೆಸುತ್ತಾಳೆ. ಮತ್ತೆ ಒಂದೊಂದಾಗಿ ಕೂರಿಸತೊಡಗುತ್ತಾಳೆ. ನಡುವೆ ಒಂದು ಸಣ್ಣದು ದೊಡ್ಡ ಕುಳಿಗೆ ಬಿದ್ದುಬಿಡುತ್ತದೆ. ಅವಳ ಗಮನಕ್ಕೆ ಬರುವುದಿಲ್ಲ. ಕೊನೆಗೆ ಕೈಯಲ್ಲಿ ದಪ್ಪನೆಯದೊಂದು ಉಳಿದಿದೆ, ಎದುರಿಗೆ ಸಣ್ಣ ಕುಳಿ. ಒತ್ತುತ್ತಾಳೆ. ತಿರುಗಿಸಿ ಒತ್ತುತ್ತಾಳೆ. ಆಂಟಿಯ ಕಡೆ ನೋಡುತ್ತಾಳೆ. ಆಂಟಿ ತನ್ನ ಗಿಡ್ಡ ಸ್ಟೂಲಿನ ಮೇಲೆ ಕೂತಲ್ಲಿಂದಲೇ ಎಲ್ಲವನ್ನೂ ಗಮನಿಸಿದ್ದಾರೆ, ಆದರೆ ಏಳುವುದಿಲ್ಲ. ಹುಡುಗಿ ಆ ಸಿಲಿಂಡರನ್ನು ಪಕ್ಕಕ್ಕಿಟ್ಟು, ಕೂತಿರುವ ಒಂದೊಂದರ ಹಿಡಿಯನ್ನೂ ಬೆರಳಲ್ಲಿ ಅಲುಗಿಸುತ್ತಾ ಹೋಗುತ್ತಾಳೆ. ಒಂದು ಲಟಲಟ ಅಲುಗುತ್ತದೆ. ತೆಗೆಯುತ್ತಾಳೆ, ಅದರ ಜಾಗಕ್ಕೆ ಇದನ್ನಿಡುತ್ತಾಳೆ. ಎಲ್ಲವೂ ಕೂರುತ್ತವೆ. ಯಾರೂ ಚಪ್ಪಾಳೆ ತಟ್ಟುವುದಿಲ್ಲ, ‘ವೆರಿ ಗುಡ್’ ಅನ್ನುವುದಿಲ್ಲ, ಕೈಮೇಲೆ ಸ್ಟಾರ್ ಬರೆಯುವುದಿಲ್ಲ. ಅವಳಿಗೂ ಅದು ಬೇಕಿಲ್ಲ. ಹತ್ತನ್ನೂ ಮತ್ತೆ ಹೊರತೆಗೆಯುತ್ತಾಳೆ.

ಮಾಂಟೆಸ್ಸರಿ ಪದ್ಧತಿ ಹುಟ್ಟಿದ್ದೇ ಇಂಥದೊಂದು ನೋಟದಿಂದ. 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡ ಬಡಾವಣೆಯ ವಠಾರದಲ್ಲಿ ಡಾ. ಮಾಂಟೆಸ್ಸರಿ ಮೊದಲ ‘ಮಕ್ಕಳ ಮನೆ’ ತೆರೆದರು. ಅಪ್ಪ-ಅಮ್ಮ ಕೂಲಿಗೆ ಹೋದಾಗ ಮಕ್ಕಳು ವಠಾರದ ಗೋಡೆ ಮೆಟ್ಟಿಲು ಹಾಳುಮಾಡದಿರಲಿ ಎಂಬುದು ಕಟ್ಟಡದವರ ಉದ್ದೇಶವಾಗಿತ್ತು. ಅಲ್ಲಿ ಸುಮಾರು ಮೂರು ವರ್ಷದ ಒಂದು ಮಗು ಇದೇ ಸಿಲಿಂಡರುಗಳನ್ನು ತೆಗೆದು ಹಾಕುತ್ತಿತ್ತು. ಅದರ ಗಮನ ಎಷ್ಟು ಗಟ್ಟಿ ಎಂದು ನೋಡಲು ವೈದ್ಯೆ ಉಳಿದ ಮಕ್ಕಳಿಂದ ಹಾಡು ಹಾಡಿಸಿದರು, ಕುರ್ಚಿ ಸಮೇತ ಆ ಮಗುವನ್ನು ಎತ್ತಿ ಮೇಜಿನ ಮೇಲೆ ಕೂರಿಸಿದರು. ಮಗು ಸಾಮಾನನ್ನು ತೊಡೆಯ ಮೇಲಿಟ್ಟುಕೊಂಡು ಕೆಲಸ ಮುಂದುವರಿಸಿತು. ನಲವತ್ತಕ್ಕೂ ಹೆಚ್ಚು ಬಾರಿ ಮಾಡಿ, ತಾನಾಗಿಯೇ ನಿಲ್ಲಿಸಿ, ದಣಿವಿಲ್ಲದ ಮುಖದಿಂದ ಸುತ್ತ ನೋಡಿತು. ಇಷ್ಟು ಎಳೆಯ ಮಗುವಿಗೆ ಏಕಾಗ್ರತೆ ಎಲ್ಲಿಂದ ಬರಬೇಕು ಎನ್ನುತ್ತಿದ್ದ ಕಾಲದಲ್ಲಿ ಅದು ಅಲ್ಲಿ ಕಣ್ಣೆದುರೇ ಇತ್ತು.

ನೀವು ಹುಡುಕಬೇಕಾದ್ದು ಆ ಏಕಾಗ್ರತೆಗೆ ಜಾಗ ಕೊಟ್ಟಿರುವ ಮನೆಯನ್ನು. ಅದಕ್ಕೆ ಹೊತ್ತು ಬೇಕು. ಬೆಳಿಗ್ಗೆ ಸುಮಾರು ಮೂರು ಗಂಟೆ, ಬೆಲ್ಲಿಲ್ಲದೆ, ಪೀರಿಯಡ್ಡಿಲ್ಲದೆ, ಮಗು ತನ್ನ ಪಾಡಿಗೆ ಕೆಲಸ ಮಾಡುವ ಅವಧಿ ಬೇಕೆಂದು ಈ ಪದ್ಧತಿ ಹೇಳುತ್ತದೆ. ಮೊದಲ ಅರ್ಧ ಗಂಟೆ ಮಗು ಅದನ್ನು ತೆಗೆದು ಇದನ್ನು ಇಟ್ಟು ಸುತ್ತಾಡಬಹುದು. ನಡುವೆ ಒಮ್ಮೆ ಇಡೀ ಕೋಣೆ ಗದ್ದಲವಾದಂತೆ ಕಾಣಬಹುದು. ಅದಾದ ಮೇಲೆಯೇ ಹೆಚ್ಚಿನ ಮಕ್ಕಳು ಆ ದಿನದ ತಮ್ಮ ದೊಡ್ಡ ಕೆಲಸಕ್ಕೆ ಕೈಹಾಕುವುದು. ಅಷ್ಟರಲ್ಲಿ ‘ಎಲ್ಲರೂ ಎತ್ತಿಡಿ, ಮ್ಯೂಸಿಕ್ ಕ್ಲಾಸ್’ ಎಂದರೆ, ಅನ್ನ ಕುದಿ ಬರುವ ಹೊತ್ತಿಗೆ ಒಲೆ ಆರಿಸಿದಂತೆ. ಆದ್ದರಿಂದ ಟೈಮ್‌ಟೇಬಲ್ ಕೇಳಿ. ಒಂಬತ್ತೂವರೆಗೆ ಫೋನಿಕ್ಸ್, ಹತ್ತಕ್ಕೆ ಡ್ಯಾನ್ಸ್, ಹತ್ತೂವರೆಗೆ ಅಬಾಕಸ್ ಎಂದಿದ್ದರೆ, ಶೆಲ್ಫಿನಲ್ಲಿ ಎಷ್ಟು ಒಳ್ಳೆಯ ಸಾಮಾನಿದ್ದರೂ ಮಗುವಿಗೆ ಅದು ದಕ್ಕುವುದಿಲ್ಲ. ವಾರ್ಷಿಕೋತ್ಸವದ ಬಗ್ಗೆಯೂ ಕೇಳಿ. ಡಿಸೆಂಬರಿನ ಸ್ಟೇಜಿಗೆ ಅಕ್ಟೋಬರಿನಿಂದಲೇ ರಿಹರ್ಸಲ್ ನಡೆಸುವ ಕಡೆ ಮಕ್ಕಳ ಎಷ್ಟು ಬೆಳಗುಗಳು ಹೋದವೆಂದು ಯಾರೂ ಲೆಕ್ಕ ಇಡುವುದಿಲ್ಲ. ವೇದಿಕೆಯ ಮೇಲೆ ಮಗುವನ್ನು ನೋಡುವ ನಿಮ್ಮ ಆಸೆಗೆ ಮನೆಯ ಹಬ್ಬಗಳಿವೆ, ಊರ ಜಾತ್ರೆಯಿದೆ. ದಯವಿಟ್ಟು ಆ ಬೆಳಗುಗಳನ್ನು ಮಗುವಿಗೆ ಬಿಟ್ಟುಕೊಡಿ.

ಮಕ್ಕಳ ವಯಸ್ಸಿನ ಬಗ್ಗೆ ಇನ್ನೂ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಊರಲ್ಲಿ ಹೆಚ್ಚು ಕೆಡುತ್ತಿರುವುದು ಅದೇ. ಎರಡೂವರೆಯಿಂದ ಆರು ವರ್ಷದ ಮಕ್ಕಳು ಒಂದೇ ಕೋಣೆಯಲ್ಲಿ ಒಟ್ಟಿಗಿರಬೇಕು. ಅದು ಮಾಂಟೆಸ್ಸರಿಯ ಬೆನ್ನೆಲುಬು. ಈಗ ಅನೇಕ ಶಾಲೆಗಳಲ್ಲಿ ಮಾಂಟ್ 1, ಮಾಂಟ್ 2, ಮಾಂಟ್ 3 ಎಂದು ಮೂರು ಕೋಣೆ ಮಾಡಿಟ್ಟಿದ್ದಾರೆ. ನರ್ಸರಿ, ಎಲ್‌ಕೆಜಿ, ಯುಕೆಜಿಗೆ ಬೇರೆ ಹೆಸರಿಟ್ಟಂತಾಯಿತು, ಅಷ್ಟೇ. ತಂದೆತಾಯಿಯೂ ಇದನ್ನೇ ಇಷ್ಟಪಡುತ್ತಾರೆ: ‘ದೊಡ್ಡ ಮಕ್ಕಳು ನಮ್ಮ ಪಾಪುವನ್ನು ತಳ್ಳಿಬಿಟ್ಟರೆ?’ ಎಂಬ ಭಯ. ನಾನು ಕಂಡದ್ದು ಬೇರೆ. ಐದು ವರ್ಷದ ಹುಡುಗ ಹೊಸದಾಗಿ ಬಂದ ಮಗುವಿನ ಶೂ ಬಕಲ್ ಹಾಕಿಕೊಡಲು ನೆಲಕ್ಕೆ ಕೂರುತ್ತಾನೆ. ಆ ಹೊಸ ಮಗು ತಾನಿನ್ನೂ ಮುಟ್ಟದ ಚಿನ್ನದ ಬಣ್ಣದ ಮಣಿಗಳ ಕೆಲಸವನ್ನು ದೂರದಿಂದ ನೋಡುತ್ತಾ ನಿಂತಿರುತ್ತದೆ: ಅಕ್ಕ ಒಬ್ಬಳು ಒಂದು ಕೈಯಲ್ಲಿ ಒಂದೇ ಒಂದು ಮಣಿ, ಇನ್ನೊಂದು ಕೈಯಲ್ಲಿ ಸಾವಿರ ಮಣಿಯ ಘನ ಹಿಡಿದು ತೂಗಿ ನೋಡುತ್ತಿದ್ದಾಳೆ. ಸಾವಿರ ಎಂದರೆ ಎಷ್ಟು ಭಾರ ಎಂದು ಅವಳ ಕೈಗೆ ಗೊತ್ತಾಗುತ್ತಿದೆ. ಮುಂದಿನ ವರ್ಷ ತನಗೂ ಅದು ಸಿಗುತ್ತದೆ ಎಂಬ ಹಂಬಲ ಈ ಪುಟ್ಟ ಮಗುವಿನಲ್ಲಿ ಆಗಲೇ ಮೊಳೆಯುತ್ತದೆ. ಓರಗೆಯವರಷ್ಟೇ ಇರುವ ಕೋಣೆಯಲ್ಲಿ ಇದು ಹೇಗೆ ಸಾಧ್ಯ? ಹಿಂದೆ ಒಟ್ಟು ಕುಟುಂಬದ ಪಡಸಾಲೆಯಲ್ಲಿ ತಾನಾಗಿ ಆಗುತ್ತಿದ್ದದ್ದು ಇವತ್ತಿನ ಒಂಟಿ ಮಗುವಿಗೆ ಸಿಗುವ ಒಂದೇ ಜಾಗ ಇಂಥ ಕೋಣೆ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯೂ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗಿನಿಂದ ಬೇರೆ ಬೇರೆ ತರಗತಿಯ ಮಕ್ಕಳನ್ನು ಗುಂಪಾಗಿ ಕೂರಿಸಿಯೇ ಕಲಿಸುತ್ತಿದೆ. ಇದು ನಮಗೆ ಪರಕೀಯ ಪದ್ಧತಿಯಲ್ಲ.

ಇದರ ಬೆನ್ನಿಗೇ ಇರುವುದು ಮೂರನೆಯ ವರ್ಷದ ಪ್ರಶ್ನೆ. ಎರಡು ವರ್ಷ ಮಾಂಟೆಸ್ಸರಿ ಓದಿಸಿ, ‘ದೊಡ್ಡ ಸ್ಕೂಲಿನಲ್ಲಿ ಸೀಟು ಸಿಕ್ಕಿತು’ ಎಂದು ಮಗುವನ್ನು ಕರೆದೊಯ್ಯುವವರೇ ಹೆಚ್ಚು. ಸೀಟಿನ ಆತಂಕ ನಿಜವಾದದ್ದು, ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಮೊದಲೆರಡು ವರ್ಷ ಮಗು ಸುರಿಯುವುದು, ಒರೆಸುವುದು, ಗುಂಡಿ ಹಾಕುವುದು, ಮರಳುಕಾಗದದ ಅಕ್ಷರದ ಮೇಲೆ ಬೆರಳಾಡಿಸುವುದು ಎಲ್ಲ ಮಾಡಿದ್ದು ಮೂರನೆಯ ವರ್ಷಕ್ಕಾಗಿ. ಓದು ಒಡೆದುಕೊಳ್ಳುವುದು, ಲೆಕ್ಕ ಕೈಗೆ ಹತ್ತುವುದು, ಚಿಕ್ಕವರಿಗೆ ತೋರಿಸಿಕೊಟ್ಟು ತಾನು ಕಲಿತದ್ದು ಗಟ್ಟಿಯಾಗುವುದು ಆ ವರ್ಷ. ನಮ್ಮ ರಾಜ್ಯದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮ ಬಂದಿದೆ. ಅದನ್ನು ಸಡಿಲಿಸಿದ್ದೂ ಉಂಟು. ನಿಯಮದ ಬಗ್ಗೆ ಅನೇಕ ಮನೆಗಳಲ್ಲಿ ಬೇಸರವಿದೆ, ‘ಒಂದು ವರ್ಷ ಹೋಯಿತು’ ಎನ್ನುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಮಗುವಿಗೆ ಸಿಕ್ಕ ವರ್ಷ. ಮೂರಕ್ಕೆ ಸೇರಿಸಿ, ಆರರವರೆಗೆ ಒಂದೇ ಮನೆಯಲ್ಲಿ ಇರಲು ಬಿಡಿ. ಮೂರು ವರ್ಷ ಇರಿಸುವ ಮನಸ್ಸಿಲ್ಲದಿದ್ದರೆ ಮಾಂಟೆಸ್ಸರಿಗೇ ಹೋಗಬೇಕೆಂದಿಲ್ಲ ಎಂದೂ ನಾನು ಹೇಳುತ್ತೇನೆ.

ಇನ್ನು ಕೋಣೆಯಲ್ಲಿರುವ ದೊಡ್ಡವರು. ‘ಎಂಟು ಮಕ್ಕಳಿಗೆ ಒಬ್ಬ ಟೀಚರ್’ ಎಂದು ಹೆಮ್ಮೆಯಿಂದ ಹೇಳುವ ಶಾಲೆಗಳಿವೆ. ಕೇಳಲು ಹಿತ. ಮಾಂಟೆಸ್ಸರಿ ಕೋಣೆಗೆ ಅಷ್ಟು ಜನ ದೊಡ್ಡವರು ಬೇಕಿಲ್ಲ. ಇಪ್ಪತ್ತೈದು-ಮೂವತ್ತು ಮಕ್ಕಳಿಗೆ ಸರಿಯಾಗಿ ತರಬೇತಾದ ಒಬ್ಬರು, ಜೊತೆಗೊಬ್ಬ ಸಹಾಯಕಿ ಇದ್ದರೆ ಮಕ್ಕಳು ಒಬ್ಬರಿಗೊಬ್ಬರು ಆಗುತ್ತಾರೆ. ದೊಡ್ಡವರು ಹೆಚ್ಚಿದಷ್ಟೂ ಮಗುವಿನ ಕೈಯಿಂದ ಚಮಚ ಕಿತ್ತುಕೊಂಡು ‘ಹೀಗಲ್ಲ, ಹೀಗೆ’ ಎನ್ನುವವರು ಹೆಚ್ಚುತ್ತಾರೆ. ಕೇಳಬೇಕಾದ್ದು ತರಬೇತಿ ಎಲ್ಲಿ ಆಯಿತು, ಎಷ್ಟು ಕಾಲ ಆಯಿತು ಎಂಬುದನ್ನು. ನಮ್ಮ ದೇಶದಲ್ಲಿ ಈ ತರಬೇತಿಗೆ ದೊಡ್ಡ ಪರಂಪರೆಯಿದೆ. ಮಾಂಟೆಸ್ಸರಿ ಅವರೇ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಸುಮಾರು 300 ಮಂದಿಗೆ ಪಾಠ ಮಾಡಿದರು; ಮಹಾಯುದ್ಧದಿಂದಾಗಿ 1946ರವರೆಗೆ ಇಲ್ಲೇ ಉಳಿದು ತರಬೇತಿ ಮುಂದುವರಿಸಿದರು. ಇವತ್ತಿಗೂ ಪೂರ್ತಿ ಡಿಪ್ಲೊಮಾಗೆ ಹೆಚ್ಚುಕಡಿಮೆ ಒಂದು ಶೈಕ್ಷಣಿಕ ವರ್ಷ ಹಿಡಿಯುತ್ತದೆ. ಪ್ರತಿ ಸಾಮಾನನ್ನು ಮಗುವಿಗೆ ತೋರಿಸಿಕೊಡುವ ಬಗೆಯನ್ನು ತಾವೇ ಬರೆದು, ಚಿತ್ರ ಹಾಕಿ ‘ಆಲ್ಬಮ್’ ಮಾಡುತ್ತಾರೆ. ಆ ಆಲ್ಬಮ್ ತೋರಿಸುತ್ತೀರಾ ಎಂದು ವಿನಯದಿಂದ ಕೇಳಿ. ಕಷ್ಟಪಟ್ಟು ಕಲಿತವರು ಸಂತೋಷದಿಂದ ತೋರಿಸುತ್ತಾರೆ. ಒಂದೆರಡು ವಾರದ ಆನ್‌ಲೈನ್ ಸರ್ಟಿಫಿಕೇಟಿನ ಬಲದ ಮೇಲೆ ಮಗುವನ್ನು ಕೈಗೆ ಕೊಡಬೇಡಿ. ಆ ಶಿಕ್ಷಕಿ ಎಷ್ಟು ವರ್ಷದಿಂದ ಅಲ್ಲೇ ಇದ್ದಾರೆ ಎಂಬುದನ್ನೂ ತಿಳಿದುಕೊಳ್ಳಿ. ವರ್ಷಕ್ಕೊಮ್ಮೆ ಟೀಚರ್ ಬದಲಾಗುವ ಕಡೆ ಯಾವ ಪದ್ಧತಿಯೂ ನಿಲ್ಲುವುದಿಲ್ಲ.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಗುವಿನ ಕೈಗೆಟಕುವ ಎತ್ತರದ ತೆರೆದ ಶೆಲ್ಫು, ಒಂದೊಂದು ಸಾಮಾನೂ ಒಂದೊಂದೇ, ನೀರು ಸುರಿಯಲು ನಿಜವಾದ ಗಾಜಿನ ಅಥವಾ ಸ್ಟೀಲಿನ ಜಗ್ಗು, ಗುಡಿಸಲು ಪುಟ್ಟ ಪೊರಕೆ, ವಿಂಗಡಿಸಲು ಅಲಸಂದೆ-ಹುರುಳಿ-ರಾಜ್ಮಾ ಕಾಳು. ಬಳಸಿ ಬಳಸಿ ಅಂಚು ಸವೆದ ಸಾಮಾನು ಕಂಡರೆ ಒಳ್ಳೆಯದು. ಗೇಟು, ಶೌಚಾಲಯ, ಆಯಾಗಳು, ವ್ಯಾನಿನ ಡ್ರೈವರು, ಸಿಸಿಟಿವಿ ಎಲ್ಲವನ್ನೂ ನೀವು ಹೇಗೂ ವಿಚಾರಿಸುತ್ತೀರಿ, ವಿಚಾರಿಸಲೇಬೇಕು.

ಭಾಷೆಯ ಮಾತು ಬಹಳ ಮನೆಗಳಲ್ಲಿ ಏಳುವುದೇ ಇಲ್ಲ, ಅದಕ್ಕೇ ಇಲ್ಲಿ ಎತ್ತುತ್ತಿದ್ದೇನೆ. ಮೂರು ವರ್ಷದ ಮಗುವಿಗೆ ಬಾಯಾರಿದಾಗ, ಹೊಟ್ಟೆ ನೋವಾದಾಗ, ಅಮ್ಮ ನೆನಪಾದಾಗ ಬರುವ ಮಾತು ಮನೆಯ ಮಾತು. ಅದು ಕನ್ನಡವೋ ತುಳುವೋ ತಮಿಳೋ ಉರ್ದುವೋ, ಆ ಕೋಣೆಯಲ್ಲಿ ಒಬ್ಬರಿಗಾದರೂ ಅರ್ಥವಾಗಬೇಕು. ‘ನಮ್ಮಲ್ಲಿ ಇಂಗ್ಲಿಷ್ ಮಾತ್ರ’ ಎನ್ನುವ ಕಡೆ ಮೊದಲ ಕೆಲವು ತಿಂಗಳು ಬಾಯಿ ಬಿಡದೆ ಕೂತ ಮಕ್ಕಳನ್ನು ಕಂಡಿದ್ದೇನೆ. ವರದಿಯಲ್ಲಿ ಅಂಥವರನ್ನು ‘ನಾಚಿಕೆ ಸ್ವಭಾವ’ ಎಂದು ಬರೆಯುತ್ತಾರೆ. ಅಕ್ಷರಕ್ಕೆ ಬಂದರಂತೂ ಈ ಪದ್ಧತಿ ಕನ್ನಡಕ್ಕೆ ಹೇಳಿ ಮಾಡಿಸಿದಂತಿದೆ. ಮಗು ಎರಡು ಬೆರಳಿನಿಂದ ಮರಳುಕಾಗದದ ‘ರ’ವನ್ನು ಸವರುತ್ತಾ ‘ರ’ ಎನ್ನುತ್ತದೆ. ಕೈಗೆ ಸಿಕ್ಕಿದ್ದು, ಕಣ್ಣಿಗೆ ಕಂಡದ್ದು, ಬಾಯಿಗೆ ಬಂದದ್ದು ಒಂದೇ. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಬೇರೆ, ಉಲಿ ಬೇರೆ ಎಂಬ ತೊಡಕು ಇಲ್ಲಿಲ್ಲ. ಕಾಗುಣಿತ, ಒತ್ತಕ್ಷರ ಬಂದಾಗ ಬಿಡಿ ಅಕ್ಷರಗಳ ಪೆಟ್ಟಿಗೆ ಜಟಿಲವಾಗುತ್ತದೆ, ನಿಜ. ದೀರ್ಘ, ಗುಡಿಸು, ಕೊಂಬು, ಒತ್ತುಗಳನ್ನು ರಟ್ಟಿನಲ್ಲಿ ತಾವೇ ಕತ್ತರಿಸಿ ಬಣ್ಣ ಹಚ್ಚಿ ಮಾಡಿಕೊಂಡ ಶಿಕ್ಷಕಿಯರು ನಮ್ಮಲ್ಲಿದ್ದಾರೆ. ಅಂಥವರು ಸಿಕ್ಕರೆ ಬಿಡಬೇಡಿ. ನೀವು ನೋಡಲು ಹೋದ ಮನೆಯಲ್ಲಿ ಕನ್ನಡದ ಮರಳುಕಾಗದದ ಅಕ್ಷರಗಳಿವೆಯೇ ಎಂದು ಕೇಳಿ. ಹತ್ತು ಜನ ತಂದೆತಾಯಿ ಕೇಳಿದರೆ ಇಲ್ಲದ ಕಡೆಯೂ ಬರುತ್ತವೆ.

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ, ಸ್ವಲ್ಪ ಮಾಂಟೆಸ್ಸರಿ ಸ್ವಲ್ಪ ವರ್ಕ್‌ಶೀಟ್ ಬೆರೆಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಅಮೆರಿಕದ ಮನೋವಿಜ್ಞಾನಿ ಆ್ಯಂಜಲೀನ್ ಲಿಲ್ಲಾರ್ಡ್ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅವರೂ ಸಹೋದ್ಯೋಗಿಯೂ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಾಟರಿ ಮೂಲಕ ಮಾಂಟೆಸ್ಸರಿ ಸೀಟು ಸಿಕ್ಕ ಐದು ವರ್ಷದ ಮಕ್ಕಳು ಸೀಟು ಸಿಗದ ಮಕ್ಕಳಿಗಿಂತ ಓದು, ಲೆಕ್ಕ, ಒಡನಾಟಗಳಲ್ಲಿ ಮುಂದಿದ್ದರು. 2012ರಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪದ್ಧತಿಯನ್ನು ಪೂರ್ತಿ ಪಾಲಿಸುವ ಶಾಲೆ, ಬೇರೆ ಆಟಿಕೆ-ವರ್ಕ್‌ಶೀಟ್ ಬೆರೆಸಿದ ಮಾಂಟೆಸ್ಸರಿ, ಸಾಮಾನ್ಯ ಶಾಲೆ ಈ ಮೂರನ್ನೂ ಹೋಲಿಸಿದರು. ಒಂದು ಶಾಲಾ ವರ್ಷದ ಅವಧಿಯಲ್ಲಿ ಹೆಚ್ಚು ಮುಂದೆ ಸಾಗಿದ್ದು ಮೊದಲನೆಯ ಬಗೆಯ ಶಾಲೆಯ ಮಕ್ಕಳು. ಬೆರಕೆಯ ಬಗ್ಗೆ ನನ್ನ ಅನುಭವವೂ ಇದೇ.

ದುಬಾರಿ ಮಾಂಟೆಸ್ಸರಿಗೆ ಫೀಸು ಕಟ್ಟಲು ಆಗದವರಿಗೂ ಈ ಪತ್ರ ಬರೆದಿದ್ದೇನೆ. ಈ ಪದ್ಧತಿ ಹುಟ್ಟಿದ್ದು ಕೂಲಿಯವರ ಮಕ್ಕಳಿಗಾಗಿ. ನಮ್ಮ ದೇಶದಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಯಲ್ಲಿ ಅದನ್ನು ಬಡವರ ಅಂಗಳಕ್ಕೆ ಒಯ್ದರು. ಕಪ್ಪೆಚಿಪ್ಪು, ಬೀಜ, ಕಲ್ಲು, ಸುತ್ತ ಸಿಕ್ಕಿದ್ದೇ ಅವರಿಗೆ ಸಾಮಾನು. ಅಂಗನವಾಡಿ ಎಂಬ ಹೆಸರು, ಕಲ್ಪನೆ ಬೆಳೆದದ್ದು ಅಲ್ಲಿಂದ. 1975ರ ಅಕ್ಟೋಬರ್ 2ರಂದು ಕೇಂದ್ರದ ಯೋಜನೆಯಾಗಿ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. 2024ರಲ್ಲಿ ಕೆಲವು ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಹೆಸರೂ ಬಂತು. ಅಲ್ಲಿಗೂ ಇದೇ ಅಳತೆ ಹಿಡಿಯಿರಿ. ಹೋಗಿ, ಕೂತು, ನೋಡಿ. ಮಕ್ಕಳ ಜೊತೆ ಮೆಲ್ಲಗೆ ಮಾತಾಡುವ, ಅವರ ಕೈಗೆ ಕೆಲಸ ಕೊಡುವ ಅಂಗನವಾಡಿ ಅಕ್ಕ ಇದ್ದರೆ, ಬೋರ್ಡಿಗೆ ದುಡ್ಡು ತೆರುವ ಶಾಲೆಗಿಂತ ಅದು ಖಂಡಿತ ಮೇಲು.

ಸೇರಿಸಿದ ಮೇಲೆ ನಿಮ್ಮಿಂದಲೂ ಒಂದು ಉಪಕಾರ ಬೇಕು. ಮಗು ಮನೆಗೆ ಬಂದ ಕೂಡಲೇ ‘ಇವತ್ತು ಏನು ಬರೆದೆ?’ ಎಂದು ಕೇಳಬೇಡಿ. ಬಟಾಣಿ ಬಿಡಿಸಲು, ತಟ್ಟೆ ಎತ್ತಿಡಲು, ತನ್ನ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಲು ಬಿಡಿ. ನಿಧಾನವಾಗುತ್ತದೆ, ಒಂದಿಷ್ಟು ಚೆಲ್ಲುತ್ತದೆ. ನಾಲ್ಕು ವರ್ಷಕ್ಕೆ ಪಕ್ಕದ ಮನೆಯ ಮಗು ಎ-ಝಡ್ ಬರೆದರೆ ಬರೆಯಲಿ. ಅದಕ್ಕೆ ಹೆದರಿ ನೀವು ವರ್ಕ್‌ಶೀಟ್ ಕೇಳಿದಿರೆಂದರೆ ಒಳ್ಳೆಯ ಮನೆಯೂ ಬಗ್ಗುತ್ತದೆ. ಹಾಗೆ ಬಗ್ಗಿದ ಎಷ್ಟೋ ಮನೆಗಳನ್ನು ಬಲ್ಲೆ. ಅವು ಕೆಟ್ಟಿದ್ದು ನಡೆಸುವವರ ದುರಾಸೆಗಿಂತ ಹೆಚ್ಚಾಗಿ ತಂದೆತಾಯಿಯ ಅವಸರದಿಂದ.

ಈಗ ಮಾಡಬೇಕಾದ್ದು ಇಷ್ಟು. ಶನಿವಾರದ ‘ಓಪನ್ ಹೌಸ್’ ಬೇಡ. ವಾರದ ನಡುವೆ ಒಂದು ಬೆಳಿಗ್ಗೆ ರಜೆ ಹಾಕಿ, ಮಗುವನ್ನು ಅಜ್ಜಿಯ ಹತ್ತಿರವೋ ನೆರೆಯವರ ಹತ್ತಿರವೋ ಬಿಟ್ಟು, ಇಬ್ಬರೂ ಹೋಗಿ. ಒಂದು ಗಂಟೆ ಕೂತು ನೋಡಲು ಅವಕಾಶ ಕೇಳಿ. ಮಕ್ಕಳ ಜೊತೆ ಮಾತಾಡಬೇಡಿ, ಫೋಟೊ ತೆಗೆಯಬೇಡಿ. ಆ ದಿನವೇ ದುಡ್ಡು ಕಟ್ಟಬೇಡಿ, ‘ಇವತ್ತು ಕಟ್ಟಿದರೆ ರಿಯಾಯಿತಿ’ ಎಂದರೂ ಕಟ್ಟಬೇಡಿ. ಒಳಗೆ ಕೂತು ನೋಡಲು ಬಿಡದ ಶಾಲೆಗೆ ನಿಮ್ಮ ಮಗುವನ್ನು ಕಳಿಸಬೇಡಿ.

ಇಂತಿ ನಿಮ್ಮ,
ಮಾಂಟೆಸ್ಸರಿ ಮನೆಯೊಂದರ ಹಳೆಯ ಆಂಟಿ
ಬೆಂಗಳೂರು